ಚುಂಗಾಣಿ ಕರಡಿಯ ಬೋಗುಣಿ

ನಮ್ಮ ಕೋಸಿವ್ ಊರಿನಲ್ಲಿ ಬೋಗುಣಿಗಳಲ್ಲಿ ಎರಡು ಜಾತಿ. ಒಂದು ಊಟದ್ದು, ಇನ್ನೊಂದು ನೋಟದ್ದು. ಊಟದ ಬೋಗುಣಿ ಒಡೆದರೆ ಹೆಂಡತಿ ಗಂಡನನ್ನು ಬೈಯುತ್ತಾಳೆ. ನೋಟದ ಬೋಗುಣಿ ಒಡೆದರೆ ಗಂಡ ಹೆಂಡತಿಯನ್ನೇ ಬಿಡುತ್ತಾನೆ.

ನೂರಿಪ್ಪತ್ತು ವರ್ಷದ ಹಿಂದೆ ಈ ಜಾತಿಭೇದ ಇರಲಿಲ್ಲ. ನಮ್ಮ ಕುಂಬಾರರು ಮಣ್ಣಿನ ಬೋಗುಣಿಗೆ ಬಿಳಿಮಣ್ಣು ಬಳಿದು, ಮೊಳೆಯಿಂದ ಗೀರಿ ಚಿತ್ರ ತೆಗೆದು, ಹಸಿರು ಹಳದಿ ಕಂದು ತುಂಬಿ, ಸುಟ್ಟು, ಶನಿವಾರದ ಸಂತೆಗೆ ತರುತ್ತಿದ್ದದ್ದು ಜನ ಅದರಲ್ಲಿ ಗಂಜಿ ಕುಡಿಯಲಿ ಎಂದು. ಈಗ ಅದೇ ಸಂತೆಗೆ ರಾಜಧಾನಿ ಕೀವ್‌ನಿಂದ ಜನ ಬರುತ್ತಾರೆ. ಅದೇ ಬೋಗುಣಿಯನ್ನು ಹಸುಗೂಸಿನಂತೆ ಎರಡು ಕೈಯಲ್ಲಿ ಎತ್ತಿ, ತಲೆಕೆಳಗು ಮಾಡಿ, ತಳ ನೋಡುತ್ತಾರೆ. ಹಸುಗೂಸಿನ ತಳ ಏಕೆ ನೋಡಬೇಕೆಂದು ಎಲ್ಲ ತಾಯಂದಿರಿಗೂ ಗೊತ್ತು. ಬೋಗುಣಿಯ ತಳ ನೋಡಿ ಇವರು ಕಣ್ಣು ಮುಚ್ಚಿ ನಿಟ್ಟುಸಿರು ಬಿಡುವುದೇಕೆಂದು ಮಾತ್ರ ಬಹಳ ದಿನ ನಮಗೆ ತಿಳಿಯಲಿಲ್ಲ. ತಿಳಿದ ಮೇಲೆ ನಾವೂ ಬಿಡತೊಡಗಿದೆವು. ಒಂದು ನಿಟ್ಟುಸಿರಿಗೆ ಬೆಲೆ ಇಷ್ಟು ಏರುತ್ತದೆ ಎಂಬುದನ್ನು ಕಲಿಯಲು ವಿಶ್ವವಿದ್ಯಾಲಯ ಬೇಕಾಗಿಲ್ಲ.

ಈ ನಿಟ್ಟುಸಿರಿನ ವಿದ್ಯೆಯಲ್ಲಿ ಊರಿಗೆಲ್ಲ ಮೊದಲಿಗನೆಂದರೆ ನನ್ನ ಪಕ್ಕದ ಮನೆಯ ಜೆನ್ಕೋ. ಊರಿನ ಕಲಾ ಕಾರ್ಖಾನೆ ನಡೆಯುತ್ತಿದ್ದ ಕಾಲಕ್ಕೆ ನಾನು ಅಲ್ಲಿ ಕುಂಚ ಹಿಡಿದವನು, ಅವನು ಮೆರುಗು ಕಲಸಿದವನು. ಇಪ್ಪತ್ತೆರಡು ವರ್ಷ ಕಲಸಿದ. ನಾವು ಚಿತ್ರ ಬರೆದವರೆಲ್ಲ ತಟ್ಟೆಯ ಬೆನ್ನಿಗೆ ಸಹಿ ಗೀಚುತ್ತಿದ್ದೆವು. ಮೆರುಗಿಗೆ ಸಹಿ ಇರುವುದಿಲ್ಲ. ಎಲ್ಲದರ ಮೇಲೂ ಇದ್ದು ಎಲ್ಲಿಯೂ ಕಾಣದಿರುವುದು ದೇವರಿಗೆ ಸರಿ, ಜೆನ್ಕೋನಂಥವನಿಗೆ ಹೇಗೆ ಸರಿಹೋಗುತ್ತದೆ. ಕಾರ್ಖಾನೆ ಮುಚ್ಚಿತು. ನಾವು ಕೆಲವರು ಪೋಲೆಂಡಿಗೆ ಹೋಗಿ ಗೋಡೆಗೆ ಸುಣ್ಣ ಹೊಡೆದು ಬಂದೆವು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಹಳ್ಳಿಹಳ್ಳಿ ತಿರುಗಿ ಅಟ್ಟದ ಮೇಲಿನ ಹಳೆಯ ಬೋಗುಣಿಗಳನ್ನು ಇಳಿಸತೊಡಗಿದ. ಊರು ಅವನಿಗೆ ಗುಜರಿ ಜೆನ್ಕೋ ಎಂದು ಹೆಸರಿಟ್ಟಿತು. ಅವನು ತನಗೆ ಸಂಗ್ರಾಹಕ ಎಂದು ಹೆಸರಿಟ್ಟುಕೊಂಡ. ಎರಡೂ ಕೆಲಸಕ್ಕೆ ಚೀಲ ಒಂದೇ.

ನಾನು ಹೇಳುತ್ತಿರುವುದು ಎರಡು ಸಾವಿರದ ಹನ್ನೊಂದನೇ ಇಸವಿಯ ಮಾತು. ಅಷ್ಟು ಹೊತ್ತಿಗೆ ಅವನ ಮನೆಯ ಗೋಡೆಗಳ ಮೇಲೆ ಇನ್ನೂರ ಹದಿನೆಂಟು ಬೋಗುಣಿಗಳಿದ್ದವು. ಅವನ ಹೆಂಡತಿ ಸ್ಲಾವ್ಕಾ ಊಟ ಬಡಿಸುತ್ತಿದ್ದದ್ದು ಸಂತೆಯಲ್ಲಿ ಡಜನ್ ಲೆಕ್ಕದಲ್ಲಿ ಕೊಂಡ ಬಿಳೀ ಪ್ಲಾಸ್ಟಿಕ್ ತಟ್ಟೆಗಳಲ್ಲಿ. ಭೋಗಕ್ಕೆ ಬಾರದ ಬೋಗುಣಿಗಳ ಕೆಳಗೆ ಕುಳಿತು ಉಣ್ಣುವಾಗ ನನಗೆ ಭಾಗ್ಯ ಅನ್ನಿಸುತ್ತದೋ ಭಯ ಅನ್ನಿಸುತ್ತದೋ ಗೊತ್ತಾಗುವುದಿಲ್ಲ ಎಂದು ಅವಳು ಬೇಲಿಯಾಚೆಯಿಂದ ಹೇಳುತ್ತಿದ್ದಳು. ಮೊಳೆ ಸಡಿಲವಾದರೆ ಎರಡೂ ಒಂದೇ ಸಲ.

ಅವನಿಗೊಬ್ಬ ಪ್ರತಿಸ್ಪರ್ಧಿ ಇದ್ದ. ಹಲ್ಲಿನ ಡಾಕ್ಟರ್ ಮಿರೋನ್. ಹಳ್ಳಿಯ ಅಜ್ಜಿಯರ ಬಾಯಿ ತೆರೆಸಿ ಮೊದಲು ಹಲ್ಲು ಕೀಳುತ್ತಿದ್ದ, ಆಮೇಲೆ ಮನೆಯಲ್ಲಿ ಹಳೆಯದೇನಿದೆ ಎಂಬ ಮಾತು ಕೀಳುತ್ತಿದ್ದ, ಕೊನೆಗೆ ಬೋಗುಣಿಯನ್ನೇ ಕೀಳುತ್ತಿದ್ದ. ನೋವು ಮೊದಲನೆಯದಕ್ಕೆ ಮಾತ್ರ, ಉಳಿದೆರಡಕ್ಕೆ ಬಾಯಿ ಮರಗಟ್ಟಿರುತ್ತಿತ್ತು. ಇಂಥ ಮಿರೋನ್‌ನ ಹೆಸರು ಎಲ್ವಿವ್‌ನಲ್ಲಿ ಅಚ್ಚಾದ ಸಂಗ್ರಾಹಕರ ಪಟ್ಟಿಯೊಂದರಲ್ಲಿ ಸಣ್ಣಕ್ಷರದಲ್ಲಿ ಬಂದಿತ್ತು. ಆವತ್ತಿನಿಂದ ಜೆನ್ಕೋಗೆ ನಿದ್ದೆ ಹತ್ತಿರಲಿಲ್ಲ. ಐವತ್ತೆಂಟು ವರ್ಷವಾಯಿತು, ಗೋರಿಯ ಕಲ್ಲಿನ ಮೇಲೆ ಬರುವ ಮೊದಲು ಒಂದು ಸಲವಾದರೂ ನನ್ನ ಹೆಸರು ಎಲ್ಲಾದರೂ ಅಚ್ಚಾಗಬೇಕು ಕಣೋ ಎಂದು ನನ್ನ ಹತ್ತಿರ ಹೇಳಿಕೊಂಡಿದ್ದ. ಅವನು ತಮಾಷೆ ಮಾಡದೆ ಆಡಿದ ಮಾತುಗಳು ಬಹಳ ಕಡಿಮೆ. ಅವುಗಳಲ್ಲಿ ಇದೊಂದು.

ಆಗಲೇ ಕೀವ್‌ನಿಂದ ಪಾನಿ ಎವೆಲಿನಾ ಬಂದರು. ಪಾನಿ ಅಂದರೆ ನಮ್ಮಲ್ಲಿ ಅಮ್ಮಾವ್ರು ಅಂದ ಹಾಗೆ. ಬೆಳ್ಳಗಿನ ಕೂದಲು, ಕಪ್ಪು ಕೋಟು, ಹಳ್ಳಿಯ ಆಚಾರಗಳ ಮೇಲೆ ಮೂವತ್ತು ವರ್ಷ ಬರೆದ ಕೈ. ಆಕೆ ಒಂದು ದಪ್ಪ ಪುಸ್ತಕ ಮಾಡುತ್ತಿದ್ದರು, ಯುರ್ಕೋ ದೆರ್ಬೆನ್ಯುಕ್ ಎಂಬ ಹಳೆಯ ಕುಂಬಾರನ ಮೇಲೆ. ಈ ಯುರ್ಕೋ ಮಹಾಶಯನಿಗೆ ಹೊಗೆ ಸೇದುವ ಚುಂಗಾಣಿಯ ಹುಚ್ಚು. ಅವನು ಬರೆದ ಸೈನಿಕ ಚುಂಗಾಣಿ ಸೇದುತ್ತಾನೆ, ಪಾದ್ರಿ ಸೇದುತ್ತಾನೆ, ಮದುವೆ ಹೆಣ್ಣು ಸೇದುತ್ತಾಳೆ, ಒಂದು ಬೋಗುಣಿಯಲ್ಲಿ ಸಂತ ನಿಕೊಲಾಯ್ ಕೂಡ ಆಶೀರ್ವದಿಸುವ ಕೈ ಬಿಟ್ಟು ಇನ್ನೊಂದರಲ್ಲಿ ಸೇದುತ್ತಾನೆ. ಪುಸ್ತಕದಲ್ಲಿ ಪ್ರತಿ ಬೋಗುಣಿಯ ಚಿತ್ರದ ಕೆಳಗೂ ಒಡೆಯನ ಹೆಸರು ಹಾಕುತ್ತೇವೆ ಎಂದರು ಪಾನಿ. ಮುಖಪುಟಕ್ಕೆ ಮಾತ್ರ ಒಂದೇ ಒಂದು ಬೇಕು, ಚುಂಗಾಣಿ ಸೇದುವ ಕರಡಿ. ಅದು ಇದೆಯೆಂದು ಕೇಳಿದ್ದೇನೆ, ಕಂಡಿಲ್ಲ, ಯಾರ ಹತ್ತಿರ ಇದ್ದರೆ ಅವರ ಹೆಸರು ಮುಖಪುಟದ ಒಳಬದಿಯಲ್ಲಿ ದಪ್ಪಕ್ಷರದಲ್ಲಿ ಎಂದರು.

ಕರಡಿ ಎಲ್ಲಿದೆಯೆಂದು ಜೆನ್ಕೋಗೂ ಗೊತ್ತಿತ್ತು, ಮಿರೋನ್‌ಗೂ ಗೊತ್ತಿತ್ತು. ಗುಡ್ಡದ ಮೇಲಿನ ಸ್ಮೆರೆಚ್ನಾ ಹಳ್ಳಿಯಲ್ಲಿ ವಸಿಲಿನಾ ಅಜ್ಜಿಯ ಪಾತ್ರೆಗೂಡಿನಲ್ಲಿ. ಹಳದಿ ಕರಡಿ, ಹಿಂಗಾಲಿನ ಮೇಲೆ ನಿಂತು ತನ್ನಷ್ಟೇ ಉದ್ದದ ಚುಂಗಾಣಿ ಸೇದುತ್ತಿದೆ. ಸುಡುವಾಗ ಕಾವಿಗೆ ಹಸಿರು ಬಣ್ಣ ಇಳಿದು ಅಂಚಿನ ಒಂದು ಕಡೆ ಹನಿಯಾಗಿ ನಿಂತಿದೆ. ಜೆನ್ಕೋ ಹತ್ತು ವರ್ಷದಲ್ಲಿ ನಾಲ್ಕು ಸಲ ಕೇಳಲು ಹೋಗಿದ್ದ. ನಾಲ್ಕನೇ ಸಲ ಅಜ್ಜಿಯ ಗಂಡ ತನಾಸಿ ತಾತ ನಾಯಿ ಬಿಟ್ಟಿದ್ದ. ನಾಯಿಗೆ ಕಲೆಯ ಬಗ್ಗೆ ಆಸಕ್ತಿ ಇರಲಿಲ್ಲ, ಪ್ಯಾಂಟಿನ ಹಿಂಭಾಗದ ಬಗ್ಗೆ ಇತ್ತು.

ತನಾಸಿ ತಾತ ಹೋದ ಶರತ್ಕಾಲದಲ್ಲಿ ತೀರಿಕೊಂಡಿದ್ದ. ಈಗ ವರ್ಷದ ನೆನಪಿನ ಊಟ ಬರುವುದಿತ್ತು. ಆ ಊಟದ ದಿನ ಮನೆಯ ಬೋಗುಣಿಗಳನ್ನು ಆತ್ಮಕ್ಕೆಂದು ಕೊಟ್ಟುಬಿಡುತ್ತೇನೆ ಎಂದು ಅಜ್ಜಿ ಸಾರಿದ್ದಳು. ನಮ್ಮ ಗುಡ್ಡದಲ್ಲಿ ಇದೊಂದು ಪದ್ಧತಿ. ಬೋಗುಣಿಯಲ್ಲಿ ಉಬ್ಬಿದ ದುಂಡನೆಯ ರೊಟ್ಟಿ ಇಟ್ಟು, ಅದಕ್ಕೆ ಮೇಣದಬತ್ತಿ ಚುಚ್ಚಿ ಹಚ್ಚಿ, ಮೇಜಿನ ಈಚೆಯಿಂದ ಆಚೆಗೆ, ಸತ್ತವರ ಹೆಸರು ಹೇಳಿ ಕೊಡುತ್ತಾರೆ. ಪಡೆದವನು 'ದೇವರು ಮನ್ನಿಸಲಿ' ಅನ್ನಬೇಕು. ಅಂದರೆ ಮುಗಿಯಿತು. ಬೇಡ ಅನ್ನುವಂತಿಲ್ಲ, ಮಾರುವಂತಿಲ್ಲ, ಕೊಟ್ಟವನು ವಾಪಸು ಕೇಳುವಂತಿಲ್ಲ. ಬೇಕಿದ್ದರೆ ಅದೇ ರೀತಿಯಲ್ಲಿ ಇನ್ನೊಬ್ಬರಿಗೆ ದಾಟಿಸಬಹುದು. ಪಡೆದವನು ಅದರಲ್ಲಿ ಉಣ್ಣಬೇಕು. ಅವನು ಇಲ್ಲಿ ಉಂಡದ್ದು ಸತ್ತವರಿಗೆ ಅಲ್ಲಿ ಮುಟ್ಟುತ್ತದೆ. ಸಂಗ್ರಾಹಕರ ಭಾಷೆಯಲ್ಲಿ ಹೇಳುವುದಾದರೆ, ನೂರಿಪ್ಪತ್ತು ವರ್ಷದ ಬೋಗುಣಿ ಪುಕ್ಕಟೆಯಾಗಿ ಕೈಗೆ ಬರುತ್ತದೆ.

ಆ ಬೇಸಿಗೆ ಸ್ಮೆರೆಚ್ನಾ ಗುಡ್ಡ ಕಂಡ ಭಕ್ತಿಯನ್ನು ಅಲ್ಲಿಯ ಚರ್ಚು ಕೂಡ ಕಂಡಿರಲಿಲ್ಲ. ತನಾಸಿ ನನಗೆ ಸ್ವಂತ ದೊಡ್ಡಪ್ಪನಿದ್ದ ಹಾಗೆ ಎಂದು ಜೆನ್ಕೋ ಊರೆಲ್ಲ ಹೇಳಿಕೊಂಡು ತಿರುಗಿದ. ಅಜ್ಜಿಯ ಹುಲ್ಲು ಕೊಯ್ಯಲು ಹೋಗಿ ಅರ್ಧ ದಿನಕ್ಕೆ ಕುಡುಗೋಲನ್ನು ಕಲ್ಲಿಗೆ ಹೊಡೆದು ಮೊಂಡು ಮಾಡಿದ. ಮಿರೋನ್ ಕಾರಿನಲ್ಲಿ ಬಂದು ಅಜ್ಜಿಗೆ ಮೇಲಿನ ಸಾಲು ಕೆಳಗಿನ ಸಾಲು ಎರಡೂ ಹಲ್ಲಿನ ಸೆಟ್ಟು ಪುಕ್ಕಟೆ ಮಾಡಿಕೊಟ್ಟ. ಅಜ್ಜಿ ಹುಲ್ಲನ್ನೂ ಇಟ್ಟುಕೊಂಡಳು, ಹಲ್ಲನ್ನೂ ಇಟ್ಟುಕೊಂಡಳು, ಇಬ್ಬರಿಗೂ ಮಜ್ಜಿಗೆ ಕೊಟ್ಟಳು. ಹಲ್ಲಿಲ್ಲದಾಗ ಆಕೆ ಕಡಿಮೆ ಮಾತಾಡುತ್ತಿದ್ದಳಂತೆ. ಸೆಟ್ಟು ಬಂದ ಮೇಲೆ ಇಬ್ಬರನ್ನೂ ಚೆನ್ನಾಗಿ ಅಗಿಯತೊಡಗಿದಳು.

ನೆನಪಿನ ಊಟದ ದಿನ ನಾನೂ ಹೋಗಿದ್ದೆ. ಪಾದ್ರಿ ಹಾಡಿ ಮುಗಿಸಿದ ಮೇಲೆ ಅಂಗಳದಲ್ಲಿ ಉದ್ದ ಮೇಜು, ಅದರ ಮೇಲೆ ಹದಿಮೂರು ಬೋಗುಣಿ. ಎಲ್ಲದರಲ್ಲೂ ರೊಟ್ಟಿ. ರೊಟ್ಟಿ ಕೂತ ಮೇಲೆ ಒಳಗಿನ ಚಿತ್ರ ಯಾರಿಗೆ ಕಾಣಬೇಕು. ಸೈನಿಕನೂ ಹೂವೂ ಕರಡಿಯೂ ಎಲ್ಲ ರೊಟ್ಟಿಯ ಕೆಳಗೆ ಸಮಾನ. ಜನ ತಲೆ ತಗ್ಗಿಸಿ ಪ್ರಾರ್ಥಿಸುತ್ತಿದ್ದರು, ಈ ಇಬ್ಬರು ತಲೆ ತಗ್ಗಿಸಿ ಅಂಚು ನೋಡುತ್ತಿದ್ದರು. ಹಸಿರು ಹನಿ ಕಂಡದ್ದೇ ತಡ, ಜೆನ್ಕೋ ಒಬ್ಬ ಮುದುಕನನ್ನು ಸಂತಾಪ ಹೇಳುವ ನೆಪದಲ್ಲಿ ತಬ್ಬಿ ಪಕ್ಕಕ್ಕೆ ಸರಿಸಿ ಆ ಬೋಗುಣಿಯ ಎದುರು ನಿಂತ. ಮಿರೋನ್ ಅವನ ಮೊಣಕೈಗೆ ಮೊಣಕೈ ಒತ್ತಿ ನಿಂತ. ಅವನ ಕಣ್ಣಲ್ಲಿ ನೀರಿತ್ತು. ಜೆನ್ಕೋ ಅವನ ಕಾಲು ತುಳಿದಿದ್ದ.

ಅಜ್ಜಿ ಬಂದಳು. ಆ ಬೋಗುಣಿ ಎತ್ತಿದಳು. ಹೊಸ ಹಲ್ಲು ತೋರಿಸಿ ಮಿರೋನ್‌ನ ಮುಖ ನೋಡಿದಳು. ಆಮೇಲೆ ಜೆನ್ಕೋನ ಕಡೆ ತಿರುಗಿದಳು.

"ತನಾಸಿ ನಿಂಗೆ ದೊಡ್ಡಪ್ಪನೂ ಅಲ್ಲ ಚಿಕ್ಕಪ್ಪನೂ ಅಲ್ಲ ಮಗಾ. ಅದೆಲ್ಲ ಕಥೆ ಬಿಡು. ಆದ್ರೆ ನಿನ್ನ ಮೇಲೆ ನಾಯಿ ಬಿಟ್ಟದ್ದು ನಿಜ. ಸಾಯೋ ತನಕ ಅಂತಿದ್ದ, ಕೇಳೋಕೆ ಬಂದವನ ಪ್ಯಾಂಟು ಹರಿಸ್ದೆ ಕಣೇ, ಅದೊಂದು ಬಾಕಿ ಉಳೀತು ಅಂತ. ತಗೋ. ತನಾಸಿ ಆತ್ಮಕ್ಕೆ."

ಜೆನ್ಕೋ ಎರಡು ಕೈ ಚಾಚಿ, ಮೇಜಿನಾಚೆಯಿಂದ ಪಡೆದು, ದೇವರು ಮನ್ನಿಸಲಿ ಅಂದ. ಅವನ ಧ್ವನಿ ನಡುಗಿತು. ಭಕ್ತಿಗೂ ಲಾಭಕ್ಕೂ ನಡುಗುವ ತಂತಿ ಒಂದೇ ಇರಬೇಕು.

"ಅದರಲ್ಲೇ ತಿನ್ನು," ಅಂದಳು ಅಜ್ಜಿ. "ಬಿಸಿಬಿಸಿ ತಿನ್ನು. ತಣ್ಣಗಿದ್ರೆ ಅವನು ಮುಟ್ಟಲ್ಲ."

ಮಿರೋನ್‌ಗೂ ಒಂದು ಕೊಟ್ಟಳು. ಅವನು ಮನೆಗೆ ಹೋಗುವವರೆಗೂ ತಾಳಲಾರದೆ ಕಾರಿನಲ್ಲೇ ರೊಟ್ಟಿ ಎತ್ತಿ ನೋಡಿದನಂತೆ. ಒಳಗೆ ಕರಡಿಯೇ ಇತ್ತು. ಎಂಬತ್ತನೇ ಇಸವಿಯ ಮಾಸ್ಕೋ ಒಲಿಂಪಿಕ್ಸಿನ ಮರಿ ಕರಡಿ, ಸೊಂಟಕ್ಕೆ ಐದು ಉಂಗುರದ ಬೆಲ್ಟು ಹಾಕಿಕೊಂಡು ನಗುತ್ತಿತ್ತು. ನಮ್ಮ ಕಾರ್ಖಾನೆಯ ಮಾಲು. ಮೆರುಗು ಜೆನ್ಕೋ ಕಲಸಿದ್ದು.

ಜೆನ್ಕೋ ಮನೆಗೆ ಬಂದವನೇ ನಡುಗೋಡೆಯಲ್ಲಿ ಎರಡು ಮೊಳೆ ಹೊಡೆದು ಕರಡಿಯನ್ನು ಕೂರಿಸಿದ. ಮರುದಿನ ಮಧ್ಯಾಹ್ನ ಸ್ಲಾವ್ಕಾ ಸ್ಟೂಲು ಹತ್ತಿ ಇಳಿಸಿ, ತೊಳೆದು, ಅದರಲ್ಲಿ ಬೋರ್ಶ್ ಎಂಬ ಬೀಟ್ರೂಟಿನ ಹುಳಿಸಾರು ಬಡಿಸಲು ಹೊರಟಳು. ಅವನು ಹೌಹಾರಿದ. ಹಳೆಯ ಮೆರುಗು ಸೀಸದ್ದು, ಹುಳಿ ಬಿದ್ದರೆ ಸೀಸ ಬಿಡುತ್ತದೆ, ತಿಂದರೆ ನಾನೇ ತನಾಸಿಯ ಪಕ್ಕ ಹೋಗಿ ಮಲಗುತ್ತೇನೆ ಎಂದು ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಬಿಚ್ಚಿದ. ಸರಿ, ಹುಳಿ ಇಲ್ಲದ್ದು ತಿನ್ನು ಎಂದು ಅವಳು ಜೋಳದ ಹಿಟ್ಟಿನ ಕುಲೇಶಾ ತಿರುವಿ ಹಾಕಿದಳು. ಗೆರೆ ಬೀಳದಿರಲೆಂದು ಅವನು ಮರದ ಚಮಚದಲ್ಲಿ, ಹಕ್ಕಿ ಕುಕ್ಕಿದಂತೆ, ಮೇಲಿನಿಂದ ಮೇಲಿನಿಂದ ತಿಂದ. ಹೀಗೆ ಎರಡು ವಾರ. ಮೊದಮೊದಲು ಹೆಂಡತಿಗೆ ಹೆದರಿ ತಿಂದ. ಆಮೇಲಾಮೇಲೆ, ತಾತನ ಪಾಲು ಎಂದು ಮೂರು ಚಮಚ ಮೊದಲೇ ಬಿಸಿಯಿರುವಾಗ ಸರಸರನೆ ತಿನ್ನುತ್ತಿದ್ದುದನ್ನು ನಾನೇ ನೋಡಿದ್ದೇನೆ. ನಾನು ನೋಡಿದ್ದು ಕಂಡು, ಏನೋ ಆಚಾರ ಬಿಡು ಎಂದು ಮುಖ ತಿರುಗಿಸಿದ.

ಮೂರನೇ ಭಾನುವಾರ ಪಾನಿ ಎವೆಲಿನಾ ಬಂದರು. ಜೊತೆಗೆ ಒಬ್ಬ ಬೊಕ್ಕತಲೆಯ ದಪ್ಪನೆಯ ಫೋಟೋಗ್ರಾಫರ್. ಜೆನ್ಕೋ ಕಸೂತಿ ಅಂಗಿ ಹಾಕಿಕೊಂಡು, ಸಾಕ್ಷಿಗೊಬ್ಬ ಇರಲಿ ಎಂದು ನನ್ನನ್ನೂ ಕರೆದು ಕೂರಿಸಿದ. ಪಾನಿ ಹತ್ತಿರ ಹೋಗಿ ಕರಡಿಯನ್ನು ನೋಡಿದರು. ಆಮೇಲೆ ಒಂದು ನಿಟ್ಟುಸಿರು ಬಿಟ್ಟರು. ಅದು ಮಾತ್ರ ಬೆಲೆ ಏರಿಸುವ ನಿಟ್ಟುಸಿರಾಗಿರಲಿಲ್ಲ. ಡೈರಿ ತೆಗೆದು ಜೆನ್ಕೋನ ಪೂರ್ತಿ ಹೆಸರು, ತಂದೆಯ ಹೆಸರು ಸಮೇತ ಬರೆದುಕೊಂಡರು. ಜೆನ್ಕೋ ಎದ್ದು ಹೋಗಿ ಸರಿಯಾಗಿ ಬರೆದರೋ ಇಲ್ಲವೋ ಎಂದು ಭುಜದ ಮೇಲಿನಿಂದ ಇಣುಕಿದ. ನನಗೂ ಖುಷಿಯಾಯಿತು. ಅಕ್ಷರ ಎಲ್ಲ ಸರಿಯಾಗಿದ್ದವು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಗೆದ್ದ ಮನುಷ್ಯನಿಗೆ ಸುಮ್ಮನಿರುವ ಶಕ್ತಿಯನ್ನು ದೇವರು ಯಾವ ದೇಶದಲ್ಲೂ ಕೊಟ್ಟಿಲ್ಲ. ಈ ಬೋಗುಣಿ ಕೊಂಡದ್ದಲ್ಲ ಪಾನಿ, ಆತ್ಮಕ್ಕೆ ಬಂದದ್ದು ಎಂದು ಜೆನ್ಕೋ ಶುರುಮಾಡಿದ. ರೊಟ್ಟಿ, ಬತ್ತಿ, ನಾಯಿ, ಪ್ಯಾಂಟು, ಎಲ್ಲ ಬಣ್ಣ ಹಚ್ಚಿ ಹೇಳಿದ. ಮೆರುಗು ಹೇಗೂ ಅವನ ಕಸುಬು. ಪಾನಿ ಕಣ್ಣು ಮುಚ್ಚಿ ಕೇಳಿದರು. ಫೋಟೋಗ್ರಾಫರ್ ಮಾತ್ರ ಗೋಡೆಯ ಮೇಲಿನ ಬೋಗುಣಿ ಸತ್ತಂತಿದೆ, ಜೀವ ಬೇಕು, ಕೊಡುವ ಕೈ ತೆಗೆದುಕೊಳ್ಳುವ ಕೈ ಇದ್ದರೆ ಮುಖಪುಟ ಎದ್ದು ಬರುತ್ತದೆ ಎಂದು ಗೊಣಗಿದ. ಅಷ್ಟೇ ತಾನೇ ಎಂದ ಜೆನ್ಕೋ.

ಕರಡಿಯನ್ನು ಇಳಿಸಿದ. ಅಡುಗೆಮನೆಯಿಂದ ರೊಟ್ಟಿ ತಂದು ಚಿತ್ರ ಕಾಣುವಂತೆ ಒಂದು ಬದಿಗೆ ಇಟ್ಟ. ಮೇಣದಬತ್ತಿ ಚುಚ್ಚಿ ಹಚ್ಚಿದ. ಮೇಜಿನ ಈಚೆ ತಾನು, ಆಚೆ ಪಾನಿ. ಸುಮ್ಮನೆ ಕೈ ಚಾಚಿದರೆ ಸಾಕು ಎಂದ ಫೋಟೋಗ್ರಾಫರ್. ಸುಮ್ಮನೆ ಯಾಕೆ, ನಮ್ಮ ಪದ್ಧತಿ ನಮ್ಮ ಹಾಗೇ ಇರಲಿ ಎಂದು ಜೆನ್ಕೋ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು ಹೇಳಿದ:

"ತನಾಸಿ ಆತ್ಮಕ್ಕೆ."

ಪಾನಿ ಎವೆಲಿನಾ ಎದ್ದು ನಿಂತರು. ಎರಡು ಕೈಯಲ್ಲಿ ಪಡೆದರು. ತಲೆ ಬಾಗಿಸಿ, "ದೇವರು ಮನ್ನಿಸಲಿ," ಅಂದರು.

ಕ್ಯಾಮೆರಾ ಐದಾರು ಸಲ ಕ್ಲಿಕ್ಕಿಸಿತು. ಜೆನ್ಕೋ ನಗುತ್ತ, ಚೆನ್ನಾಗಿ ಬಂತು ಪಾನಿ, ಇನ್ನು ಇಲ್ಲಿ ಇಟ್ಟುಬಿಡಿ ಎಂದು ಮೇಜು ತೋರಿಸಿದ. ಪಾನಿ ಇಡಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ಬಾಗಿಲಲ್ಲಿ ಸ್ಲಾವ್ಕಾ ಕುಲೇಶಾದ ಪಾತ್ರೆ ಹಿಡಿದು ನಿಂತಿದ್ದಳು.

"ಜೆನ್ಕೋ, ಕೈ ತೆಗಿ," ಅಂದಳು.

"ಫೋಟೋಗೆ ಕಣೇ."

"ರೊಟ್ಟಿ ಇಟ್ಯಾ?"

"ಇಟ್ಟೆ. ಚಿತ್ರಕ್ಕೆ ಅಂತ."

"ಬತ್ತಿ ಹಚ್ಚಿದ್ಯಾ? ತನಾಸಿ ಹೆಸರು ಹೇಳಿದ್ಯಾ? ಮೇಜಿನ ಆಚೆಗೆ ಕೊಟ್ಯಾ? ಅವರು ದೇವರು ಮನ್ನಿಸಲಿ ಅಂದ್ರಾ?"

ಜೆನ್ಕೋ ನನ್ನ ಮುಖ ನೋಡಿದ. ನಾನು ಮೇಣದಬತ್ತಿ ನೋಡಿದೆ. ದರಿದ್ರದ್ದು, ಗಾಳಿಗೂ ಆರಿರಲಿಲ್ಲ.

"ಹಂಗಾದ್ರೆ ಮುಗೀತು," ಅಂದಳು ಸ್ಲಾವ್ಕಾ. "ತಾತ ಆಗ್ಲೇ ಎದ್ದು ಅವರ ಹಿಂದೆ ಹೋಗಿ ನಿಂತಾಯ್ತು. ಈಗ ನೀನು ಕಿತ್ಕೊಂಡ್ರೆ ಸತ್ತವನ ಬಾಯಿಂದ ಕಿತ್ಕೊಂಡ ಹಾಗೆ."

ಬೇರೆ ಊರಿನವನಾಗಿದ್ದರೆ ಇದೆಲ್ಲ ನಾಟಕ ಎಂದು ನಕ್ಕು ಬೋಗುಣಿ ಎತ್ತಿಟ್ಟುಕೊಳ್ಳುತ್ತಿದ್ದ. ಜೆನ್ಕೋ ಕೂಡ ಬಾಯಲ್ಲಿ ಅದನ್ನೇ ಅಂದ. ಕೈ ಮಾತ್ರ ಮುಂದೆ ಹೋಗಲಿಲ್ಲ. ಪಾದ್ರಿಗೆ ಫೋನು ಮಾಡಿದ. ಪಾದ್ರಿ, ಇದು ಚರ್ಚಿನ ವಿಧಿಯಲ್ಲ, ಅಜ್ಜಿಯರ ಕಟ್ಟುಕತೆ, ಇದಕ್ಕೆ ಶಾಸ್ತ್ರದ ಆಧಾರವೇ ಇಲ್ಲ ಎಂದು ಹತ್ತು ನಿಮಿಷ ವಿವರಿಸಿ, ಆದರೆ ನನ್ನನ್ನು ಕೇಳಿದರೆ ನಾನಂತೂ ವಾಪಸು ಮುಟ್ಟುವುದಿಲ್ಲಪ್ಪ ಎಂದು ಫೋನು ಇಟ್ಟುಬಿಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ, ಬೋಗುಣಿಯೂ ಒಡೆಯಲಿಲ್ಲ.

ಪಾನಿ ಮೆಲ್ಲಗೆ ಹೇಳಿದರು, ಮೂವತ್ತು ವರ್ಷ ಇದರ ಬಗ್ಗೆ ಬರೆದೆ, ನನಗೆ ಯಾರೂ ಯಾವತ್ತೂ ಕೊಟ್ಟಿರಲಿಲ್ಲ ಎಂದು. ಅದು ಭಾವುಕತೆಯೋ ಬುದ್ಧಿವಂತಿಕೆಯೋ ನನಗೆ ಇವತ್ತಿಗೂ ಬಿಡಿಸಲಾಗಿಲ್ಲ. ಎರಡೂ ಒಂದೇ ಮುಖದಲ್ಲಿ ಜಗಳವಿಲ್ಲದೆ ಸಂಸಾರ ಮಾಡಬಲ್ಲವು. ರೊಟ್ಟಿಯ ಸಮೇತ ಬೋಗುಣಿಯನ್ನು ಕಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೊರಟುಹೋದರು.

ಏಳು ತಿಂಗಳಿಗೆ ಪುಸ್ತಕ ಬಂತು. ಮುಖಪುಟದಲ್ಲಿ ಕರಡಿ, ಬತ್ತಿ, ಎರಡು ಜೊತೆ ಕೈ. ಫೋಟೋಗ್ರಾಫರ್ ಹೇಳಿದ್ದು ಸುಳ್ಳಲ್ಲ, ಎದ್ದು ಬಂದಿತ್ತು. ಒಳಬದಿಯಲ್ಲಿ ದಪ್ಪಕ್ಷರದಲ್ಲಿ ಪಾನಿ ಎವೆಲಿನಾ ಅವರ ಸಂಗ್ರಹ ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ: ಬೋಗುಣಿಯನ್ನು ಆತ್ಮಕ್ಕಾಗಿ ನೀಡುತ್ತಿರುವ ಸ್ಥಳೀಯ ನಿವಾಸಿ. ಜೆನ್ಕೋನ ಹೆಬ್ಬೆರಳ ಉಗುರಿನ ಸಂದಿಯ ಬಣ್ಣದ ಕಲೆ ಕೂಡ ಸ್ಪಷ್ಟವಾಗಿ ಅಚ್ಚಾಗಿತ್ತು. ಹೆಸರು ಬಿಟ್ಟು ಅವನದೆಲ್ಲ ಬಂದಿತ್ತು. ಡಾಕ್ಟರ್ ಮಿರೋನ್ ಆರು ಪ್ರತಿ ಕೊಂಡು, ಆಸ್ಪತ್ರೆಯ ಕೋಣೆಯಲ್ಲಿ ಕಾಯುವವರು ಓದಲೆಂದು ಅದೇ ಪುಟ ತೆರೆದಿಟ್ಟ. ಹಲ್ಲುನೋವಿನಿಂದ ಬಂದವರು ಕೂಡ ನಕ್ಕು ಹೋದರು.

ಜೆನ್ಕೋ ಸಂತೆಗೆ ಬರುವುದು ಬಿಟ್ಟ. ಪಾನಿಯ ಮೇಲೆ ಕೋರ್ಟಿಗೆ ಹೋಗುತ್ತೇನೆ ಎಂದು ಒಂದು ದಿನ, ಉಳಿದದ್ದನ್ನೆಲ್ಲ ಒಡೆದುಹಾಕುತ್ತೇನೆ ಎಂದು ಇನ್ನೊಂದು ದಿನ. ಸ್ಲಾವ್ಕಾ ಸುತ್ತಿಗೆ ತಂದು ಮೇಜಿನ ಮೇಲಿಟ್ಟಳು. ಅವನು ಅದರಿಂದ ಸಡಿಲವಾಗಿದ್ದ ಒಂದು ಮೊಳೆ ಬಿಗಿಮಾಡಿದ.

ಒಂದು ಶನಿವಾರ ವಸಿಲಿನಾ ಅಜ್ಜಿ ಗುಡ್ಡ ಇಳಿದು ಸಂತೆಗೆ ಬಂದವಳು ಅವನ ಮನೆಗೆ ಬಂದು ಕುಳಿತಳು. ನಾನು ಅಲ್ಲೇ ಇದ್ದೆ. ಪುಸ್ತಕ ಗಿಸ್ತಕ ಆಕೆಗೆ ಗೊತ್ತಿರಲಿಲ್ಲ. ಮೂರು ರಾತ್ರಿಯಿಂದ ತನಾಸಿ ಕನಸಿಗೆ ಬರುತ್ತಿದ್ದಾನೆ, ಮಾತಿಲ್ಲ ಕತೆಯಿಲ್ಲ, ಕೈಯಲ್ಲಿ ಚಮಚ ಹಿಡಿದುಕೊಂಡು ನಿಂತಿರುತ್ತಾನೆ ಎಂದಳು.

"ನೀನು ತಿಂತಿದ್ದೀಯಲ್ಲ ಮಗಾ?"

ಸುಳ್ಳು ಹೇಳುವುದು ಜೆನ್ಕೋಗೆ ಕಷ್ಟದ ಕೆಲಸವೇನಲ್ಲ. ಆದರೆ ಆವತ್ತು ಬಾಯಿ ಏಳಲಿಲ್ಲ. ಬೋಗುಣಿ ಕೀವ್‌ಗೆ ಹೋದದ್ದು, ಹೇಗೆ ಹೋದದ್ದು, ಎಲ್ಲ ಹೇಳಿದ. ಅಜ್ಜಿ ಬೈಯುತ್ತಾಳೆಂದು ನಾವೆಲ್ಲ ಕಾದೆವು. ಆಕೆ ತಲೆಯಾಡಿಸಿದಳು. ಮುಂದಕ್ಕೆ ದಾಟಿಸಿದ್ದು ತಪ್ಪಲ್ಲ, ಬೋಗುಣಿ ಇರುವುದೇ ದಾಟಲಿಕ್ಕೆ ಎಂದಳು. ಆದರೆ ಆ ಕೀವ್ ಹೆಂಗಸು ತಿನ್ನುತ್ತಾಳಾ ಎಂದು ಕೇಳಿದಳು. ಗೊತ್ತಿಲ್ಲ ಎಂದ ಜೆನ್ಕೋ.

"ಕೇಳು ಮತ್ತೆ," ಅಂದಳು ಅಜ್ಜಿ. "ನೀನು ದಾಟಿಸಿದೋನು, ನೀನೇ ಕೇಳ್ಬೇಕು. ಹಸಿದೋನು ನಿನ್ನ ಹೆಸರೇ ಹೇಳ್ತಾನೆ ಅಲ್ಲಿ."

ತನ್ನ ಹೆಸರು ಎಲ್ಲಾದರೂ ಒಂದು ಕಡೆ ಬರಬೇಕೆಂದು ಹಂಬಲಿಸಿದವನಿಗೆ ಕೊನೆಗೂ ಒಂದು ಕಡೆ ಬಂದಿತ್ತು, ದೂರಿನ ರೂಪದಲ್ಲಿ. ಅವನು ಬೆವರು ಒರೆಸಿಕೊಂಡ. ಅಜ್ಜಿ ಹೋದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀವ್‌ಗೆ ಫೋನು ಮಾಡಿದ.

ಪಾನಿ ಸಂತೋಷದಿಂದ ಮಾತಾಡಿದರು. ನಾನೇ ಮಾಡಬೇಕೆಂದಿದ್ದೆ ಎಂದರು. ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆ. ಕರಡಿಯನ್ನು ಒಂದು ದೊಡ್ಡ ಪ್ರದರ್ಶನಕ್ಕೆ ಕೊಡುತ್ತಿದ್ದೇನೆ, ಎರಡು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಾರೆ. ಆತ್ಮಕ್ಕೆಂದು ನಾನೇ ಕೊಟ್ಟದ್ದು ಎಂದು ಜೆನ್ಕೋ ಒಂದು ಕಾಗದಕ್ಕೆ ಸಹಿ ಹಾಕಿ ಕಳಿಸಿದರೆ ಅವನ ಪೂರ್ತಿ ಹೆಸರು ಮುಖಪುಟದ ಒಳಬದಿಯಲ್ಲಿ, ಪೆಟ್ಟಿಗೆಯ ಮೇಲಿನ ಹಿತ್ತಾಳೆ ಫಲಕದಲ್ಲಿ, ಎರಡೂ ಕಡೆ ಬರುತ್ತದೆ. ತಂದೆಯ ಹೆಸರು ಸಮೇತ.

ಜೆನ್ಕೋ ಫೋನನ್ನು ಕಿವಿಯಿಂದ ತುಸು ದೂರ ಹಿಡಿದ. ಫೋನಿನಲ್ಲಿ ಪಾನಿ ಹಲೋ ಹಲೋ ಅನ್ನುವುದು ನನಗೂ ಕೇಳುತ್ತಿತ್ತು. ಪಾನಿ ಹಿತ್ತಾಳೆ ಅಂದಾಗ ಅವನ ಮುಖ ಅರಳಿದ್ದನ್ನು ನೋಡಿದ್ದೇನೆ, ಬೀಗ ಅಂದದ್ದು ನೆನಪಾಗಿ ಮುದುಡಿದ್ದನ್ನೂ ನೋಡಿದ್ದೇನೆ.

"ಪಾನಿ, ನೀವು ಅದರಲ್ಲಿ ತಿಂತೀರಾ?"

ಆಕೆಗೆ ಅರ್ಥವಾಗಲಿಲ್ಲ. ಅವನು ಮತ್ತೆ ಕೇಳಿದ. ಬೋಗುಣಿಯ ಪಕ್ಕ ಒಂದು ಗೋಧಿ ತೆನೆ ಇಟ್ಟಿದ್ದೇನೆ, ಸಾಂಕೇತಿಕವಾಗಿ ಎಂದರು ಪಾನಿ.

"ಸಾಂಕೇತಿಕವಾಗಿ ಹೊಟ್ಟೆ ತುಂಬಲ್ಲ ಪಾನಿ. ಅವನು ಚಮಚ ಹಿಡ್ಕೊಂಡು ನಿಂತಿದ್ದಾನಂತೆ. ಹೆಸರು ಬಿ... ಹೆಸರು ಬಿಡಿ. ಪೆಟ್ಟಿಗೆಗೆ ಕೊಡಬೇಡಿ. ತಿನ್ನಿ."

ಬಿಡಿ ಅನ್ನುವ ಆ ಎರಡಕ್ಷರದಲ್ಲಿ ಅವನು ಒಂದು ಸಲ ಎಡವಿದ್ದನ್ನು ಬಿಟ್ಟರೆ, ಅಷ್ಟು ಚಂದದ ಮಾತು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ. ಆಚಾರದ ಮೇಲೆ ಮೂವತ್ತು ವರ್ಷ ಬರೆದವರಿಗೆ ಆಚಾರ ಎದುರಿಗೆ ಬಂದು ಊಟ ಕೇಳಿದರೆ ಪಾಪ ಏನು ಮಾಡಬೇಕು. ಕೊನೆಗೆ ಪಾನಿ ಸಣ್ಣ ದನಿಯಲ್ಲಿ ಕೇಳಿದರು, ಎಷ್ಟು ತಿನ್ನಬೇಕು ಎಂದು.

"ವಾರಕ್ಕೊಂದು ಸಲ ಮೂರು ಚಮಚ ಸಾಕು. ಬಿಸಿ ಇರ್ಬೇಕು. ಮರದ ಚಮಚ."

ಫೋನು ಇಟ್ಟ ಮೇಲೆ ಅವನಿಗೆ ಸೀಸ ನೆನಪಾಯಿತು. ಹುಳಿ ಹಾಕಬೇಡಿ ಎಂದು ಹೇಳಿರಲಿಲ್ಲ. ಹೇಳಬೇಕೋ ಬೇಡವೋ ಎಂದು ಎರಡನೇ ಸಲ ಫೋನು ಎತ್ತುವ ಮೊದಲು ಅವನು ತುಸು ಯೋಚಿಸಿದ. ತುಸುವೇ. ಹೊರಗಿಟ್ಟ ಕುಲೇಶಾ ಆರುವಷ್ಟು ಹೊತ್ತು. ಆಮೇಲೆ ಹೇಳಿದ.

ಈಗ ಪ್ರತಿ ಶನಿವಾರ ಮಧ್ಯಾಹ್ನ ಕೀವ್‌ಗೆ ಫೋನು ಹೋಗುತ್ತದೆ. ಏನು ತಿಂದಿರಿ ಎಂದು ಇವನು ಕೇಳುತ್ತಾನೆ, ಪಾನಿ ಎವೆಲಿನಾ ಶಾಲೆಯ ಹುಡುಗಿಯಂತೆ ಒಪ್ಪಿಸುತ್ತಾರೆ. ಮೊದಲ ವಾರ ಓಟ್ಸ್. ಎರಡನೇ ವಾರ ಯಾವುದೋ ಅಂಗಡಿಯ ಸೂಪು. ಮೂರನೇ ವಾರ ಬಿಸಿ ಟೋಸ್ಟು, ಅದರ ಮೇಲೆ ಆವಕಾಡೊ. ಇದನ್ನು ಕೇಳಿ ಜೆನ್ಕೋ ಚಿಂತೆಗೆ ಬಿದ್ದ. ತನಾಸಿ ತಾತ ಜೀವಮಾನದಲ್ಲಿ ಆ ಹಣ್ಣಿನ ಹೆಸರು ಕೇಳಿದವನಲ್ಲ, ಬೋಗುಣಿಯಲ್ಲಿ ಹಸಿರು ಮುದ್ದೆ ನೋಡಿ ತಾನು ತಪ್ಪಿ ಬೇರೆ ಯಾರದೋ ಸ್ವರ್ಗಕ್ಕೆ ಬಂದೆ ಅಂದುಕೊಂಡರೆ ಏನು ಗತಿ. ಆ ಶನಿವಾರ ಸಂತೆಯಲ್ಲಿ ಅಜ್ಜಿಯನ್ನು ಹುಡುಕಿ, ಹಿಂಜರಿಯುತ್ತ ವಿಷಯ ತಿಳಿಸಿದ.

ವಸಿಲಿನಾ ಅಜ್ಜಿ ಈರುಳ್ಳಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ತಿನ್ನಲಿ ಬಿಡು," ಅಂದಳು. "ಐವತ್ತು ವರ್ಷ ಕುಲೇಶಾ ಬಿಟ್ಟು ಬೇರೆ ಏನ್ ಇಟ್ರೂ ಮೂತಿ ತಿರುಗಿಸಿ ನನ್ನ ಕಡೆಗೆ ತಳ್ಳೋನು. ಈಗ ಅಲ್ಲಿ ಯಾರ ಕಡೆಗೆ ತಳ್ತಾನೆ ನೋಡ್ತೀನಿ."